ನಿಮಗಿದು ಗೊತ್ತೆ? ರಾತ್ರಿಯಿಡೀ ನಡೆದ ‘ಮದುಮಗಳು’

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗೆ ಒಬ್ಬನೇ ನಾಯಕನಿಲ್ಲ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ, ಹೀಗೆ ಹಲವು ಜೋಡಿಗಳ ಕತೆ ಕಾಡುದಾರಿಗಳಂತೆ ಕೂಡಿ ಕವಲೊಡೆಯುತ್ತದೆ. ಗುತ್ತಿಯ ಬೆನ್ನಿಗೇ ನಡೆಯುವ ನಾಯಿ ಹುಲಿಯನೂ ಅಲ್ಲಿ ಮರೆಯಲಾಗದ ಪಾತ್ರ. ಕತೆಯನ್ನು ಇಷ್ಟು ಹಿಗ್ಗಿಸಬೇಕಿತ್ತೇ ಎಂದು ಕೇಳುವವರಿದ್ದಾರೆ. ಹಿಗ್ಗಿಸಲೇಬೇಕಿತ್ತು. ಜೀತದಾಳಿನ ಆಸೆಗೂ ಹೆಗ್ಗಡೆ ಮನೆಯ ಸಂಕಟಕ್ಕೂ ಒಂದೇ ತೂಕದ ಗಮನ ಸಲ್ಲಬೇಕಾದರೆ ಕತೆ ಒಬ್ಬನ ಹಿಂದೆ ಓಡುವಂತಿಲ್ಲ, ಪ್ರತಿಯೊಬ್ಬರ ಬಳಿಯೂ ನಿಲ್ಲಬೇಕು.

ಇಷ್ಟು ದೀರ್ಘ ಕತೆಗೆ ಬೇಕಾದ ತಾಳ್ಮೆ ಇಂದಿನವರಿಗಿಲ್ಲ ಎಂಬ ಮಾತೂ ಪೂರ್ತಿ ನಿಲ್ಲದು. 2010ರಲ್ಲಿ ಮೈಸೂರಿನ ರಂಗಾಯಣ, ಸಿ. ಬಸವಲಿಂಗಯ್ಯ ನಿರ್ದೇಶನದಲ್ಲಿ ಈ ಕಾದಂಬರಿಯನ್ನು ಸುಮಾರು 9 ಗಂಟೆಗಳ ನಾಟಕವಾಗಿಸಿತು. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯುತ್ತ ಬೆಳಗಿನವರೆಗೆ ನೋಡಿದರು.