ಅರಿತವನ ಹೊಣೆ: ಕಾರ್ಖಾನೆಯ ಸುರಕ್ಷತೆಯನ್ನು ಕುರಿತ ಐದು ತಪ್ಪು ಕಲ್ಪನೆಗಳು

ಆಯುಧಪೂಜೆಯ ದಿನ ನಮ್ಮ ಕಾರ್ಖಾನೆಗಳಲ್ಲಿ ಲೇತು, ಪ್ರೆಸ್ಸು, ಬಾಯ್ಲರುಗಳೆಲ್ಲ ಮಿಂದು ಮಡಿಯಾಗಿ, ಅರಿಸಿನ ಕುಂಕುಮ ಧರಿಸಿ, ಸೇವಂತಿಗೆಯ ಮಾಲೆಯಡಿಯಲ್ಲಿ ವಿಶ್ರಮಿಸುತ್ತವೆ. ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತದೆ. ಅನ್ನ ಕೊಡುವ ಯಂತ್ರ ಕೈಯನ್ನೂ ಕತ್ತರಿಸಬಲ್ಲುದೆಂಬ ಅರಿವು ಆ ಆಚರಣೆಯ ಒಳಗೆ ಅಡಗಿದೆ. ಆದರೆ ರಜೆ ಮುಗಿದು ಪಾಳಿ ಆರಂಭವಾದೊಡನೆ, ಉತ್ಪಾದನೆ ಕುಂಠಿತವಾಗುವುದೆಂಬ ನೆವದಿಂದ, ಮೊನ್ನೆ ಆರತಿ ಬೆಳಗಿಸಿಕೊಂಡ ಪ್ರೆಸ್ಸಿನ ಗಾರ್ಡನ್ನೇ ಬಿಚ್ಚಿ ಮೂಲೆಗೆ ಒರಗಿಸುವುದೂ ಉಂಟು. ಭಯವನ್ನು ಭಕ್ತಿಗೊಪ್ಪಿಸಿ, ಹೊಣೆಯನ್ನು ವಿಧಿಗೆ ಬಿಡುವ ಈ ಮನೋಭಾವವೇ ಸುರಕ್ಷತೆಯನ್ನು ಕುರಿತ ಹಲವು ಭ್ರಮೆಗಳ ತಾಯಿ.

ನಮ್ಮ ಕಾನೂನು ಈ ವಿಷಯದಲ್ಲಿ ಬಹುಕಾಲ 1948ರ ಕಾರ್ಖಾನೆಗಳ ಕಾಯಿದೆಯನ್ನು ಆಶ್ರಯಿಸಿತ್ತು. 1984ರಲ್ಲಿ ಭೋಪಾಲದ ಕೀಟನಾಶಕ ಕಾರ್ಖಾನೆಯಲ್ಲಿ ನಡೆದ ಅನಿಲ ದುರಂತದ ಬಳಿಕ, 1987ರಲ್ಲಿ, ಅದು ಗಾಢವಾದ ತಿದ್ದುಪಡಿಯನ್ನು ಕಂಡಿತು. 2025ರ ನವೆಂಬರ್ 21ರಿಂದ ಆ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. ಹೆಸರು ಬದಲಾದರೂ ತತ್ತ್ವ ಬದಲಾಗಿಲ್ಲ: ಕಾನೂನು ಕೇಳುವ ಮೊದಲ ಪ್ರಶ್ನೆ, ತಪ್ಪಿದವನು ಯಾರು ಎಂಬುದಲ್ಲ, ಅಪಾಯವನ್ನು ಅರಿತಿದ್ದವನು, ಅಥವಾ ಅರಿಯಬೇಕಾಗಿದ್ದವನು, ಆ ಅರಿವಿನಿಂದ ಏನು ಮಾಡಿದನು ಎಂಬುದು.

ತಪ್ಪು ಕಲ್ಪನೆ: ಅಪಘಾತಗಳಿಗೆ ಬಹುಮಟ್ಟಿಗೆ ಕೆಲಸಗಾರನ ಅಜಾಗರೂಕತೆಯೇ ಕಾರಣ.

ಸತ್ಯ: ಈ ನಂಬಿಕೆಗೆ ಅಂಕಿಯ ಊರುಗೋಲನ್ನು ಒದಗಿಸಿದವನು ಅಮೆರಿಕದ ವಿಮಾಸಂಸ್ಥೆಯೊಂದರಲ್ಲಿದ್ದ ಹೈನ್‌ರಿಕ್. ನೂರರಲ್ಲಿ 88 ಅಪಘಾತಗಳು ಮನುಷ್ಯರ ಅಸುರಕ್ಷಿತ ವರ್ತನೆಯಿಂದ ಆದವೆಂದು ಅವನು 1931ರ ತನ್ನ ಗ್ರಂಥದಲ್ಲಿ ಬರೆದನು. ಆ ಲೆಕ್ಕಕ್ಕೆ ಆಧಾರವಾದದ್ದು ವಿಮೆಯವರ ಕಡತಗಳೂ ಮಾಲೀಕರ ದಾಖಲೆಗಳೂ ಎಂಬ ಸಂಗತಿಯನ್ನು ಜನ ಮರೆತರು. ಯಂತ್ರದ ಅಪಾಯಕರ ಭಾಗಗಳಿಗೆ ಭದ್ರವಾದ ತಡೆ ಇರತಕ್ಕದ್ದೆಂದು 1948ರ ಕಾಯಿದೆಯ 21ನೆಯ ಕಲಮು ವಿಧಿಸಿದಾಗ, ಎಚ್ಚರದ ಕೆಲಸಗಾರನಿಗೆ ತಡೆ ಬೇಡವೆಂದು ಅದು ಹೇಳಲಿಲ್ಲ. ದಣಿದ ಕೈ ಜಾರುವುದು, ನಿದ್ದೆಗೆಟ್ಟ ಕಣ್ಣು ತಪ್ಪುವುದು ಮನುಷ್ಯಸ್ವಭಾವವೆಂದು ಒಪ್ಪಿಕೊಂಡೇ ಹೊರಟ ಕಾನೂನು ಅದು. ಒಂದು ಕ್ಷಣದ ಮರೆವಿಗೆ ಬೆರಳನ್ನು ಬೆಲೆಯಾಗಿ ಕೇಳುವ ಯಂತ್ರದಲ್ಲಿ ದೋಷವಿರುವುದು ಮರೆವಿನಲ್ಲಲ್ಲ, ವಿನ್ಯಾಸದಲ್ಲಿ.

ತಪ್ಪು ಕಲ್ಪನೆ: ಹೆಲ್ಮೆಟ್ಟು, ಬೂಟು, ಕೈಗವಸು ಕೊಟ್ಟರೆ ಕರ್ತವ್ಯ ಮುಗಿಯಿತು.

ಸತ್ಯ: ಸುರಕ್ಷತಾಶಾಸ್ತ್ರದ ಮೆಟ್ಟಿಲುಗಳಲ್ಲಿ ಇವು ಕಟ್ಟಕಡೆಯವು. ಅಪಾಯವನ್ನೇ ಇಲ್ಲವಾಗಿಸುವುದು ಮೊದಲನೆಯದು. ಆಗದಿದ್ದರೆ ಅದರ ಬದಲಿಗೆ ಸೌಮ್ಯವಾದ ವಸ್ತುವನ್ನು ತರುವುದು, ಅನಂತರ ಯಾಂತ್ರಿಕ ತಡೆ, ಆಮೇಲೆ ನಿಯಮ ಮತ್ತು ತರಬೇತಿ. ಇಷ್ಟೂ ಸಾಲದಾದಾಗ ಮಾತ್ರ ಮೈಮೇಲಿನ ಕವಚ. ಇಲ್ಲದ ವಸ್ತು ಸೋರಲಾರದೆಂಬ ಸರಳ ಸತ್ಯವನ್ನು ಬ್ರಿಟನ್ನಿನ ರಸಾಯನ ಇಂಜಿನಿಯರ್ ಟ್ರೆವರ್ ಕ್ಲೆಟ್ಜ್ ಭೋಪಾಲಕ್ಕೆ ಮೊದಲೇ ಸಾರಿದ್ದನು. ಭೋಪಾಲದಲ್ಲಿ ಮಿಥೈಲ್ ಐಸೊಸಯನೇಟ್ ಮಾರಾಟದ ಸರಕಾಗಿರಲಿಲ್ಲ. ಕೀಟನಾಶಕದ ತಯಾರಿಕೆಯಲ್ಲಿ ನಡುವೆ ಹುಟ್ಟಿ ನಡುವೆಯೇ ಮುಗಿಯಬೇಕಾದ ವಸ್ತುವಾಗಿತ್ತು. ಅದನ್ನು ಟನ್ನುಗಟ್ಟಲೆ ತೊಟ್ಟಿಯಲ್ಲಿ ಕೂಡಿಟ್ಟದ್ದು ಅನುಕೂಲಕ್ಕಾಗಿಯೇ ಹೊರತು ಅನಿವಾರ್ಯವಾಗಿ ಅಲ್ಲ.

ತಪ್ಪು ಕಲ್ಪನೆ: ಅಪಾಯದ ಕೋಷ್ಟಕದಲ್ಲಿ ಅಂಕ ಕಡಿಮೆಯಿದ್ದರೆ ನಿಶ್ಚಿಂತೆಯಿಂದಿರಬಹುದು.

ಸತ್ಯ: ಇಂದಿನ ಇಂಜಿನಿಯರಿಗೆ ಅತ್ಯಂತ ಮೋಹಕವಾದ ಭ್ರಮೆ ಇದು. ಸಂಭವಕ್ಕೆ ಒಂದರಿಂದ ಐದರವರೆಗೆ, ಪರಿಣಾಮಕ್ಕೆ ಒಂದರಿಂದ ಐದರವರೆಗೆ ಅಂಕವಿತ್ತು ಗುಣಿಸಿದರೆ, ದಿನಕ್ಕೊಮ್ಮೆ ಬೆರಳು ತರಚುವ ಅಪಾಯಕ್ಕೂ ಊರನ್ನೇ ನುಂಗಬಲ್ಲ ವಿರಳ ಅಪಾಯಕ್ಕೂ ಐದೇ ಉತ್ತರ ಬರುತ್ತದೆ. ಕೋಷ್ಟಕದ ಹಸಿರು ಮನೆಯಲ್ಲಿ ಎರಡೂ ಅಕ್ಕಪಕ್ಕ ಕುಳಿತುಕೊಳ್ಳುತ್ತವೆ. ಅದಲ್ಲದೆ, ವಿರಳವೆಂಬ ಆ ಅಂಕವು ಎಲ್ಲ ತಡೆಗಳೂ ಎಚ್ಚೆತ್ತಿವೆಯೆಂಬ ಊಹೆಯ ಮೇಲೆ ನಿಂತಿರುತ್ತದೆ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ 610ನೆಯ ತೊಟ್ಟಿಗೆ ನೀರು ಸೇರಿ ಒಳಗಿನ ದ್ರವ ಕುದಿದಾಗ, ಅದನ್ನು ತಂಪಾಗಿಡಬೇಕಾದ ಶೀತಲಯಂತ್ರ ತಿಂಗಳುಗಳಿಂದ ನಿಂತಿತ್ತು; ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆ ದುರಸ್ತಿಗೆಂದು ಬಿಚ್ಚಿಕೊಂಡಿತ್ತು; ನೀರಿನ ತೆರೆ ಅನಿಲ ಹೊರಬಿದ್ದ ಎತ್ತರವನ್ನು ಮುಟ್ಟಲಿಲ್ಲ. ಕಾಗದದ ಮೇಲೆ ಹಲವು ತಡೆಗಳಿದ್ದವು. ಸ್ಥಳದಲ್ಲಿ ಕೆಲಸಕ್ಕೆ ಬಂದುದು ಯಾವುದೂ ಇಲ್ಲ.

ಅಪಾಯವನ್ನೂ ವೆಚ್ಚವನ್ನೂ ತೂಗಿ ನೋಡಬಾರದೆಂದು ಕಾನೂನು ಹೇಳುವುದಿಲ್ಲ. ತೂಗುವ ತಕ್ಕಡಿಯನ್ನು ಮಾತ್ರ ಅದು ನಿಗದಿ ಮಾಡುತ್ತದೆ. ಗಣಿಯ ದಾರಿಯ ಬದಿ ಕುಸಿದು ಸತ್ತ ಕಾರ್ಮಿಕನೊಬ್ಬನ ಮೊಕದ್ದಮೆಯಲ್ಲಿ, 1949ರಲ್ಲಿ, ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಈ ತತ್ತ್ವವನ್ನು ಸ್ಪಷ್ಟಪಡಿಸಿತು: ಅಪಾಯಕ್ಕೆ ಹೋಲಿಸಿದಾಗ ವೆಚ್ಚ ಅತಿಶಯವಾಗಿ, ಎಲ್ಲ ಪ್ರಮಾಣವನ್ನೂ ಮೀರಿದ್ದರೆ ಮಾತ್ರ ವಿನಾಯಿತಿ, ಎರಡೂ ಹೆಚ್ಚುಕಡಿಮೆ ಸಮನಾಗಿದ್ದರೆ ತಕ್ಕಡಿ ಸುರಕ್ಷತೆಯ ಕಡೆಗೇ ವಾಲತಕ್ಕದ್ದು. ನಮ್ಮ 1987ರ ತಿದ್ದುಪಡಿಯು, ಇದಕ್ಕಿಂತ ಹೆಚ್ಚೇನೂ ಸಾಧ್ಯವಿರಲಿಲ್ಲವೆಂದು ರುಜುವಾತುಪಡಿಸುವ ಭಾರವನ್ನು ಆರೋಪಿಯ ಮೇಲೆಯೇ ಹೊರಿಸಿತು.

ತಪ್ಪು ಕಲ್ಪನೆ: ಸುರಕ್ಷತೆ ಸುರಕ್ಷತಾಧಿಕಾರಿಯ ಕೆಲಸ, ನಕ್ಷೆ ಬರೆದವನಿಗೆ ಅದರ ಗೊಡವೆಯಿಲ್ಲ.

ಸತ್ಯ: ಸಾವಿರ ಕೆಲಸಗಾರರಿದ್ದಲ್ಲಿ ಸುರಕ್ಷತಾಧಿಕಾರಿ ಬೇಕೆಂದು ಹಳೆಯ ಕಾಯಿದೆ ಹೇಳುತ್ತಿತ್ತು, ಸಂಹಿತೆಯು ಆ ಸಂಖ್ಯೆಯನ್ನು ಕಾರ್ಖಾನೆಗೆ 500ಕ್ಕೂ, ಅಪಾಯಕರ ಪ್ರಕ್ರಿಯೆಯುಳ್ಳಲ್ಲಿ 250ಕ್ಕೂ ಇಳಿಸಿದೆ. ಆದರೆ ಅವನು ಮಾಲೀಕರಿಗೆ ನೆರವಾಗುವವನೇ ಹೊರತು ಅವರ ಪಾಪವನ್ನು ಹೊರುವವನಲ್ಲ. ಕಂಪನಿಯ ಕಾರ್ಖಾನೆಯಲ್ಲಿ ಅಂತಿಮ ಹೊಣೆ ನಿರ್ದೇಶಕನದೇ ಎಂಬ ವಿಧಿಯನ್ನು ಸುಪ್ರೀಂ ಕೋರ್ಟು 1996ರಲ್ಲಿ ಎತ್ತಿಹಿಡಿಯಿತು. ಯಂತ್ರವನ್ನು ವಿನ್ಯಾಸಗೊಳಿಸಿದವನೂ ತಯಾರಿಸಿದವನೂ ತರಿಸಿಕೊಟ್ಟವನೂ ಅದರ ಸುರಕ್ಷತೆಗೆ ಬದ್ಧರೆಂದು 1987ರ ತಿದ್ದುಪಡಿ ವಿಧಿಸಿತು. ಈಗಿನ ಸಂಹಿತೆಯಂತೂ ಇನ್ನೊಂದು ಹೆಜ್ಜೆ ಮುಂದಿಟ್ಟು, ಕಟ್ಟಡ ನಿರ್ಮಾಣಗಳಲ್ಲಿ ವಾಸ್ತುಶಿಲ್ಪಿ, ಪ್ರಾಜೆಕ್ಟ್ ಇಂಜಿನಿಯರು ಮತ್ತು ವಿನ್ಯಾಸಕಾರರನ್ನು ಹೆಸರಿಟ್ಟು ಕರೆದು, ಕಟ್ಟುವವರ ಸುರಕ್ಷತೆಯನ್ನು ನಕ್ಷೆಯ ಹಂತದಲ್ಲಿಯೇ ಆಲೋಚಿಸಿರೆಂದು ಆದೇಶಿಸುತ್ತದೆ.

ತಪ್ಪು ಕಲ್ಪನೆ: ಎಲ್ಲ ಎಚ್ಚರಿಕೆ ವಹಿಸಿದ್ದೆವೆಂದು ತೋರಿಸಿದರೆ ಪರಿಹಾರ ಕೊಡಬೇಕಾಗಿಲ್ಲ.

ಸತ್ಯ: ಭೋಪಾಲದ ಗಾಯ ಹಸಿಯಾಗಿರುವಾಗಲೇ, 1985ರ ಡಿಸೆಂಬರ್ 4ರಂದು, ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿತು. ಆ ಪ್ರಸಂಗದಲ್ಲಿ ಮುಖ್ಯ ನ್ಯಾಯಾಧೀಶ ಪಿ. ಎನ್. ಭಗವತಿಯವರ ಪೀಠವು 1986ರ ಡಿಸೆಂಬರಿನಲ್ಲಿ ಇತ್ತ ತೀರ್ಪು, ಅಪಾಯಕರ ವಸ್ತು ಹೊರಬಿದ್ದು ಮಾಡಿದ ಹಾನಿಗೆ ಅದನ್ನು ಇಟ್ಟುಕೊಂಡವನೇ ಹೊಣೆಯೆಂಬ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಸೂತ್ರಕ್ಕಿದ್ದ ವಿನಾಯಿತಿಗಳನ್ನೆಲ್ಲ ತಳ್ಳಿಹಾಕಿತು: ಅಪಾಯಕರ ಉದ್ಯಮವನ್ನು ನಡೆಸಿ ಲಾಭ ಪಡೆಯುವವನು, ಅದರಿಂದಾದ ಹಾನಿಯನ್ನು ನಿರಪೇಕ್ಷವಾಗಿ ತುಂಬಿಕೊಡತಕ್ಕದ್ದು, ಉದ್ಯಮ ಎಷ್ಟು ದೊಡ್ಡದೋ ಪರಿಹಾರವೂ ಅಷ್ಟು ದೊಡ್ಡದು.

ಶಿಕ್ಷೆಯ ಮಾತು ಬೇರೆ. ಅಲ್ಲಿ ನ್ಯಾಯ ಬಹು ನಿಧಾನವಾಗಿ ನಡೆಯಿತು. ಭೋಪಾಲದ ಮೊಕದ್ದಮೆಯಲ್ಲಿ 2010ರ ಜೂನ್ 7ರಂದು ಏಳು ಮಂದಿಗೆ ತಲಾ ಎರಡು ವರ್ಷದ ಕಾರಾಗೃಹವಾಯಿತು. ಸಾವಿರಾರು ಸಾವುಗಳಿಗೆ ಆ ಶಿಕ್ಷೆ ಏನೇನೂ ಸಾಲದೆಂದು ದೇಶವೇ ಮರುಗಿತು, ಅದು ನ್ಯಾಯವೇ. ಆದರೆ ಇಂಜಿನಿಯರಾದವನು ಶಿಕ್ಷೆಗೊಳಗಾದವರ ಪಟ್ಟಿಯನ್ನು ಇನ್ನೊಂದು ಕಾರಣಕ್ಕಾಗಿ ಓದಬೇಕು. ಅದರಲ್ಲಿ ಇದ್ದವರು ಕಂಪನಿಯ ಅಧ್ಯಕ್ಷರೊಬ್ಬರೇ ಅಲ್ಲ; ಕಾರ್ಖಾನೆಯ ವ್ಯವಸ್ಥಾಪಕ, ಉತ್ಪಾದನಾ ವ್ಯವಸ್ಥಾಪಕ, ಘಟಕದ ಮೇಲ್ವಿಚಾರಕ, ಉತ್ಪಾದನಾ ಸಹಾಯಕ, ಇವರೂ ಇದ್ದರು.