ಹಾಲಿನ ಲೆಕ್ಕದ ಪಕ್ಕ ಮೀಟರ್ ಲೆಕ್ಕ

ಬಿಲ್ ಜಾಸ್ತಿ ಬಂದಾಗ ನಿಮ್ಮ ಮನೆಯಲ್ಲಿ ಮೊದಲು ಬೈಸಿಕೊಳ್ಳೋರು ಯಾರು? ‘ದಿನವಿಡೀ ಟಿವಿ ಹಾಕ್ಕೊಂಡು ಕೂತಿರ್ತೀಯ’ ಅಂತ ಯಜಮಾನರು ನಮಗೆ. ‘ನಲ್ಲಿ ಬಿಟ್ಟುಕೊಂಡೇ ಪಾತ್ರೆ ತೊಳೀತೀಯ’ ಅಂತ ನಾವು ಕೆಲಸದಾಕೆಗೆ. ಅಷ್ಟೊಂದು ನೀರು, ಕರೆಂಟು ಯಾವುದಕ್ಕೆ ಹೋಯ್ತು ಅಂತ ಕೇಳಿದರೆ ಮಾತ್ರ ಯಾರ ಹತ್ತಿರವೂ ಉತ್ತರವಿಲ್ಲ. ಬಿಲ್ ಹೇಳುವುದು ಒಟ್ಟು ಮೊತ್ತ, ಅದೂ ಎಲ್ಲ ಖರ್ಚಾದ ಮೇಲೆ!

ಹಾಲು ಎಷ್ಟು ಪ್ಯಾಕೆಟ್, ಗ್ಯಾಸ್ ಯಾವತ್ತು ಬದಲಾಯಿಸಿದ್ದು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವ ನಮಗೆ ಇದೇನು ದೊಡ್ಡ ಕೆಲಸವಲ್ಲ. ಪ್ರತಿ ಭಾನುವಾರ ಕಾಫಿ ಕುಡಿದಾದ ಮೇಲೆ ನೀರಿನ ಮೀಟರ್, ಕರೆಂಟ್ ಮೀಟರ್ ಎರಡನ್ನೂ ನೋಡಿ ಅಂಕಿ ಬರೆದಿಡಿ. ಈ ವಾರದ್ದರಿಂದ ಹೋದ ವಾರದ್ದನ್ನು ಕಳೆದರೆ ಆಯ್ತು. ಡಿಜಿಟಲ್ ಮೀಟರ್‌ನಲ್ಲಿ ಅಂಕಿಗಳು ಬದಲಾಗುತ್ತಲೇ ಇರುತ್ತವೆ. ‘ಕೆಡಬ್ಲ್ಯುಎಚ್’ ಅಂತ ತೋರಿಸುವಾಗಿನದನ್ನು ಬರೆದುಕೊಳ್ಳಿ, ಅದೇ ಯೂನಿಟ್. ಪಕ್ಕದಲ್ಲಿ ‘ನೆಂಟರು 3 ದಿನ’, ‘ಊರಲ್ಲಿರಲಿಲ್ಲ’ ಅಂತ ಒಂದು ಮಾತೂ ಇರಲಿ. ಇಲ್ಲದಿದ್ದರೆ ಎರಡು ತಿಂಗಳಾದ ಮೇಲೆ ಆ ಅಂಕಿ ನಿಮಗೇ ಅರ್ಥವಾಗುವುದಿಲ್ಲ.

ನಮ್ಮನೇಲಿ ಆದದ್ದು ಹೇಳ್ತೀನಿ ಕೇಳಿ. ಒಂದು ತಿಂಗಳು ನೀರಿನ ಬಿಲ್ ಇದ್ದಕ್ಕಿದ್ದಂತೆ ಏರಿತು. ಕೆಲಸದಾಕೆಗೆ ನಾಲ್ಕು ಮಾತು ಆಡಿಬಿಟ್ಟೆ. ಪಾಪ, ಆಕೆ ಎದುರಾಡದೆ ಮರುದಿನದಿಂದ ಬಕೆಟ್‌ನಲ್ಲಿ ನೀರು ಹಿಡಿದುಕೊಂಡೇ ತೊಳೆದಳು. ಆದರೂ ವಾರದ ಅಂಕಿ ಇಳಿಯಲಿಲ್ಲ! ಆಗ ಅನುಮಾನ ಬಂತು. ನಮ್ಮ ಮೀಟರ್ ಇರುವುದು ಸಂಪ್‌ಗೆ ಮುಂಚೆ, ಹಾಗಾಗಿ ಮನೆಯೊಳಗಿನ ಸೋರಿಕೆ ಅದರಲ್ಲಿ ನೇರವಾಗಿ ಕಾಣದು. ರಾತ್ರಿ ಮಲಗುವ ಮುಂಚೆ ಮೇಲಿನ ಟ್ಯಾಂಕ್‌ಗೆ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಮೋಟಾರ್ ಆಫ್. ಬೆಳಿಗ್ಗೆ ಎದ್ದವಳೇ ನೋಡಿದರೆ, ಯಾರೂ ನಲ್ಲಿ ಮುಟ್ಟದೆ ನೀರು ನಾಲ್ಕು ಬೆರಳು ಇಳಿದಿತ್ತು. ಕಮೋಡಿನ ಫ್ಲಶ್ ಟ್ಯಾಂಕ್‌ಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟೆ. ಫ್ಲಶ್ ಮಾಡದೆಯೇ ಅರ್ಧ ಗಂಟೆಯಲ್ಲಿ ಕಮೋಡ್ ಒಳಗೆಲ್ಲ ನೀಲಿ! ಒಳಗಿನ ರಬ್ಬರ್ ವಾಷರ್ ಸವೆದಿತ್ತು, ಅಷ್ಟೇ. ಆಕೆಗೆ ‘ತಪ್ಪಾಯ್ತು ಕಣೆ’ ಅಂದೆ. ‘ಬಿಡಿ ಅಕ್ಕಾ’ ಅಂದಳು. ಬಿಡಲು ಆಗದೇ ಇದ್ದದ್ದು ನನಗೆ.

ಎಷ್ಟು ನೀರು ಅಂದರೆ ಜಾಸ್ತಿ ಅಂತ ಕೇಳ್ತೀರಾ? ನಗರದವರಿಗೆ ದಿನಕ್ಕೆ ತಲಾ 135 ಲೀಟರ್ ಎಂಬ ಮಾನದಂಡವಿದೆ. ನಾಲ್ಕು ಜನರ ಮನೆಗೆ 30 ದಿನಕ್ಕೆ 16,200 ಲೀಟರ್. ಅದಕ್ಕಿಂತ ಬಹಳ ಮೇಲಿದ್ದರೆ ಹುಡುಕಲು ಶುರುಮಾಡಿ. ಆರ್‌ಓ ಫಿಲ್ಟರ್‌ನಿಂದ ಹೊರಹೋಗುವ ನೀರನ್ನು ಒಂದು ದಿನ ಬಕೆಟ್‌ನಲ್ಲಿ ಹಿಡಿದು ನೋಡಿ, ಗಾಬರಿಯಾಗ್ತೀರಿ! ಅದು ನೆಲ ಒರೆಸಲು ಧಾರಾಳವಾಗಿ ಸಾಕು. ಬೆಂಗಳೂರಿನವರಿಗೆ 2024ರ ಬೇಸಿಗೆ ಮರೆತಿರಲಾರದು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ಆ ಮಾರ್ಚ್‌ನಲ್ಲೇ. ದಿನಕ್ಕೆ ಎಷ್ಟು ನೀರು ಬೇಕು ಅಂತ ಗೊತ್ತಿದ್ದರೆ ಟ್ಯಾಂಕರ್ ಯಾವಾಗ ಹೇಳಬೇಕು ಅನ್ನೋದೂ ಗೊತ್ತಾಗುತ್ತೆ.

ಇನ್ನು ಕರೆಂಟು. 2,000 ವ್ಯಾಟ್ ಗೀಸರ್ ಅರ್ಧ ಗಂಟೆ ಕಾಯ್ದರೆ ಒಂದು ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ನಿಯಮದಲ್ಲಿ ಉಚಿತವಾಗಿ ಸಿಗುವುದು 2022-23ರ ನಿಮ್ಮ ಸರಾಸರಿ ಬಳಕೆ, ಜೊತೆಗೆ ಶೇ 10. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ! ಹಾಗಾಗಿ ರೀಡಿಂಗ್ ತೆಗೆದುಕೊಂಡು ಹೋದ ದಿನದಿಂದಲೇ ಎಣಿಸಿ. 20 ದಿನಕ್ಕೆ 150 ಆಗಿದ್ದರೆ ಇದೇ ವೇಗದಲ್ಲಿ 30 ದಿನಕ್ಕೆ 225 ಮುಟ್ಟುತ್ತೆ. ಉಳಿದ ಹತ್ತು ದಿನ ದಿನಕ್ಕೆ ಐದರೊಳಗೆ ಇರಬೇಕು ಅಂತ ಆಗಲೇ ಗೊತ್ತಾದರೆ ಇಸ್ತ್ರಿ, ಗೀಸರ್ ಕಡೆ ಸ್ವಲ್ಪ ಕೈ ಬಿಗಿ ಹಿಡಿಯಬಹುದು.

ನಮ್ಮನೇಲಿ ಈಗ ಮೀಟರ್ ಓದುವ ಕೆಲಸ ಮಗನದು. ಅಪ್ಪನ ಸ್ನಾನಕ್ಕೆ ಎಷ್ಟು ಯೂನಿಟ್ ಅಂತ ಅವನು ಕ್ಯಾಲೆಂಡರ್ ಮೇಲೆ ಬರೆದಾಗಿನಿಂದ ನಮ್ಮ ಯಜಮಾನರು ಟಿವಿ ವಿಷಯ ಎತ್ತಿಲ್ಲ.