ಭತ್ತದ ಗದ್ದೆಗೆ ಎಷ್ಟು ಯೂರಿಯಾ ಸಾಕು?

ನಾಟಿಯಾಗಿ ಮೂರು ವಾರ ಕಳೆಯುತ್ತಿದ್ದಂತೆ ಮಂಡ್ಯದಲ್ಲಾಗಲಿ ಗಂಗಾವತಿಯಲ್ಲಾಗಲಿ ಗೊಬ್ಬರದಂಗಡಿಯ ಮುಂದೆ ಕೇಳಿಬರುವುದು ಒಂದೇ ಪ್ರಶ್ನೆ: ಎಕರೆಗೆ ಎಷ್ಟು ಚೀಲ ಯೂರಿಯಾ? ಪಕ್ಕದ ಗದ್ದೆಯವರು ಹಾಕಿದಷ್ಟೇ ಹಾಕುವುದು ವಾಡಿಕೆ. ಆದರೆ ಈ ಲೆಕ್ಕವನ್ನು ರೈತರು ತಮ್ಮ ಗದ್ದೆಯಲ್ಲೇ ಮಾಡಿಕೊಳ್ಳಬಹುದು.

ಮೊದಲು ಚೀಲದ ಲೆಕ್ಕ. ದಕ್ಷಿಣ ಕರ್ನಾಟಕದ ನೀರಾವರಿ ಭತ್ತಕ್ಕೆ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ 100 ಕಿಲೊ ಸಾರಜನಕ, 50 ಕಿಲೊ ರಂಜಕ, 50 ಕಿಲೊ ಪೊಟ್ಯಾಷ್. ಎಕರೆಗೆ ಇಳಿಸಿದರೆ 40, 20, 20. ಇಪ್ಪತ್ತು ಕಿಲೊ ರಂಜಕಕ್ಕೆ ಸುಮಾರು 43 ಕಿಲೊ ಡಿಎಪಿ ಬೇಕು. ಡಿಎಪಿಯಲ್ಲಿ ಶೇ. 18ರಷ್ಟು ಸಾರಜನಕವೂ ಇರುವುದರಿಂದ ಅದರ ಜೊತೆಗೇ 8 ಕಿಲೊ ಸಾರಜನಕ ಗದ್ದೆ ಸೇರುತ್ತದೆ. ಉಳಿದ 32 ಕಿಲೊಗೆ ಯೂರಿಯಾ ಸುಮಾರು 70 ಕಿಲೊ, ಅಂದರೆ 45 ಕಿಲೊ ತೂಕದ ಒಂದೂವರೆ ಚೀಲ. ಡಿಎಪಿಯ ಪಾಲನ್ನು ಮರೆತರೆ ಇಲ್ಲೇ 17 ಕಿಲೊ ಯೂರಿಯಾ ಹೆಚ್ಚು ಬಿದ್ದಿರುತ್ತದೆ.

ಈ ಶಿಫಾರಸು ಒಂದು ಸರಾಸರಿ. ಒಂದು ಟನ್ ಭತ್ತ ಬೆಳೆಯಲು ಪೈರಿಗೆ ಸುಮಾರು 15ರಿಂದ 20 ಕಿಲೊ ಸಾರಜನಕ ಬೇಕು. ಅದರಲ್ಲಿ ದೊಡ್ಡ ಪಾಲನ್ನು ಮಣ್ಣಿನ ಸಾವಯವ ಅಂಶ, ಕೊಟ್ಟಿಗೆ ಗೊಬ್ಬರ, ನಿಂತ ನೀರಿನ ನೀಲಿ ಹಸಿರು ಪಾಚಿಗಳೇ ಒದಗಿಸುತ್ತವೆ. ಆ ಪಾಲು ಗದ್ದೆಯಿಂದ ಗದ್ದೆಗೆ ಬೇರೆ.

ನಾವು ಹಾಕಿದ ಯೂರಿಯಾದ ಸಾರಜನಕದಲ್ಲೂ ಪೈರಿಗೆ ಸಿಗುವುದು ಸಾಮಾನ್ಯವಾಗಿ ಶೇ. 30ರಿಂದ 40 ಮಾತ್ರ. ಹಗಲು ಪಾಚಿಗಳು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಗದ್ದೆಯ ನೀರು ಕ್ಷಾರೀಯವಾಗುತ್ತದೆ; ಯೂರಿಯಾದಿಂದ ಹುಟ್ಟಿದ ಅಮೋನಿಯಾ ಗಾಳಿಗೆ ಹಾರುತ್ತದೆ. ಇನ್ನೊಂದಿಷ್ಟು, ಕೆಸರಿನ ಮೇಲ್ಪದರದಲ್ಲಿ ಆಮ್ಲಜನಕ ಸಿಗುವ ಕೆಲವೇ ಮಿಲಿಮೀಟರ್ ಜಾಗದಲ್ಲಿ ನೈಟ್ರೇಟ್ ಆಗುತ್ತದೆ. ಅದು ಕೆಳಗಿಳಿದು ಆಮ್ಲಜನಕವಿಲ್ಲದ ಪದರ ಮುಟ್ಟಿದೊಡನೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕ ಅನಿಲವಾಗಿಸಿಬಿಡುತ್ತವೆ. ಹಾಗಾಗಿ ಒಂದೇ ಸಲ ಸುರಿದದ್ದರಲ್ಲಿ ಬಹುಪಾಲು ದಕ್ಕುವುದಿಲ್ಲ. ಪೈರಿಗೆ ಹಸಿವಾದಾಗ, ಹಸಿವಿನಷ್ಟೇ ಕೊಡಬೇಕು.

ಹಸಿವನ್ನು ತಿಳಿಯುವ ಸಾಧನ ಎಲೆ ಬಣ್ಣದ ಪಟ್ಟಿ. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ಪ್ರತಿ ಅಣುವಿನಲ್ಲೂ ಒಂದು ಮೆಗ್ನೀಷಿಯಮ್ ಪರಮಾಣುವಿನ ಸುತ್ತ ನಾಲ್ಕು ಸಾರಜನಕದ ಪರಮಾಣುಗಳಿವೆ. ಸಾರಜನಕ ಕಡಿಮೆಯಾದರೆ ಹಸಿರೂ ತಿಳಿಯಾಗುತ್ತದೆ. ಜಪಾನಿನಲ್ಲಿ ಹುಟ್ಟಿದ ಈ ಪಟ್ಟಿಯನ್ನು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಏಷ್ಯಾದ ರೈತರಿಗೆ ಒಗ್ಗಿಸಿತು. ಅಂಗೈ ಅಗಲದ ಪ್ಲಾಸ್ಟಿಕ್ ತುಂಡಿನ ಮೇಲೆ ತಿಳಿಹಸಿರಿನಿಂದ ದಟ್ಟ ಹಸಿರಿನವರೆಗೆ ಪಟ್ಟೆಗಳು, ಭತ್ತದ ಎಲೆಯಂತೆಯೇ ಸಣ್ಣ ಗೆರೆಗಳು.

ಬಳಸುವುದು ಸುಲಭ. ನಾಟಿಯಾದ ಎರಡು, ಮೂರು ವಾರದಿಂದ ಹೂ ಬರುವವರೆಗೆ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಬೆಳಿಗ್ಗೆ 8ರಿಂದ 10ರೊಳಗೆ ಗದ್ದೆಗಿಳಿಯಬೇಕು. ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯನ್ನು ಕೀಳದೆ, ಅದರ ನಡುಭಾಗವನ್ನು ಪಟ್ಟಿಯ ಮೇಲಿಟ್ಟು ನೋಡಬೇಕು. ಬಿಸಿಲು ಬಿದ್ದರೆ ಬಣ್ಣ ತಪ್ಪಾಗಿ ಕಾಣುತ್ತದೆ. ಮೈಯ ನೆರಳು ಮಾಡಿಕೊಳ್ಳಬೇಕು. ಬೇರೆ ಬೇರೆ ಕಡೆಯ ಹತ್ತು ಎಲೆಗಳಲ್ಲಿ ಆರು ಅಥವಾ ಹೆಚ್ಚು ಎಲೆಗಳು ನಾಟಿ ಭತ್ತಕ್ಕೆ ಗೊತ್ತುಪಡಿಸಿದ ಮಟ್ಟಕ್ಕಿಂತ (ಹೆಚ್ಚಿನ ತಳಿಗಳಿಗೆ 4) ತಿಳಿಯಾಗಿದ್ದರೆ ಎಕರೆಗೆ 10 ಕಿಲೊ ಸಾರಜನಕ, ಅಂದರೆ ಅರ್ಧ ಚೀಲ ಯೂರಿಯಾ ಮೇಲುಗೊಬ್ಬರವಾಗಿ ಕೊಡಬೇಕು. ಇಲ್ಲವಾದರೆ ಚೀಲ ಬಿಚ್ಚುವುದು ಬೇಡ.

ಈ ಪಟ್ಟಿ ಸಾರಜನಕದ ಅಗತ್ಯವನ್ನಷ್ಟೇ ಹೇಳುತ್ತದೆ. ರಂಜಕ, ಪೊಟ್ಯಾಷ್, ಸತುವಿನ ಕೊರತೆ ತಿಳಿಯಲು ಮಣ್ಣು ಪರೀಕ್ಷೆಯೇ ಆಗಬೇಕು. ನೀರು ನಿಂತ ಗದ್ದೆಯಲ್ಲಿ ರಂಜಕ ಸುಲಭವಾಗಿ ದೊರೆತರೂ ಸತು ದುರ್ಲಭವಾಗುತ್ತದೆ. ಎಲೆಗಳಲ್ಲಿ ತುಕ್ಕಿನಂಥ ಕಂದು ಚುಕ್ಕೆ ಕಂಡರೆ ಯೂರಿಯಾ ಸುರಿದು ಪ್ರಯೋಜನವಿಲ್ಲ. ಅತಿಯಾದ ಯೂರಿಯಾದಿಂದ ಪೈರು ಕಪ್ಪಗೆ ಸೊಕ್ಕಿ ಬೆಳೆದು ಬೆಂಕಿ ರೋಗವನ್ನೂ ಕಂದು ಜಿಗಿಹುಳುವನ್ನೂ ಕರೆತರುತ್ತದೆ. ತೆನೆ ತುಂಬುವ ಹೊತ್ತಿಗೆ ನೆಲಕ್ಕೊರಗುತ್ತದೆ. ದುಡಿದ ರೈತ ಗೊಬ್ಬರಕ್ಕೂ ಹಣ ತೆತ್ತು, ಔಷಧಿಗೂ ತೆರುವುದು ನಿಲ್ಲಬೇಕು.

ನಮ್ಮ ಮಣ್ಣೇ ಎಷ್ಟು ಕೊಡುತ್ತದೆಂದು ಅಳೆಯಲು ಒಂದು ಗುಂಟೆ ಜಾಗ ಸಾಕು. ಅದಕ್ಕೆ ಪ್ರತ್ಯೇಕ ಬದು ಹಾಕಿ, ಸಾರಜನಕವನ್ನು ಪೂರ್ತಿ ಬಿಡಿ. ರಂಜಕವನ್ನು ಡಿಎಪಿ ಬದಲು ಸೂಪರ್ ಫಾಸ್ಫೇಟ್ ರೂಪದಲ್ಲಿ ಕೊಡಿ. ಪೊಟ್ಯಾಷ್, ಸತು ಎಂದಿನಂತಿರಲಿ. ಕೊಯ್ಲಿನಲ್ಲಿ ಆ ಗುಂಟೆಯ ಭತ್ತವನ್ನು ಬೇರೆಯಾಗಿ ಒಣಗಿಸಿ ತೂಗಿ. 30 ಕಿಲೊ ಬಂದರೆ ಎಕರೆಗೆ 12 ಕ್ವಿಂಟಾಲ್ ಮಣ್ಣಿನದೇ ಕೊಡುಗೆ. ನಿಮ್ಮ ಗುರಿ 20 ಕ್ವಿಂಟಾಲ್ ಆದರೆ ಕೊರತೆ 800 ಕಿಲೊ. ಚೆನ್ನಾಗಿ ನೋಡಿಕೊಂಡ ಗದ್ದೆಯಲ್ಲಿ ಒಂದು ಕಿಲೊ ಸಾರಜನಕ ಸುಮಾರು 20 ಕಿಲೊ ಹೆಚ್ಚುವರಿ ಭತ್ತ ಕೊಡುತ್ತದೆ. ಆದ್ದರಿಂದ ಬೇಕಾದದ್ದು 40 ಕಿಲೊ. ಅದೇ ಗುಂಟೆಯಲ್ಲಿ 40 ಕಿಲೊ ಬಂದಿದ್ದರೆ ಅದರರ್ಧ, 20 ಕಿಲೊ ಸಾರಜನಕವೇ ಸಾಕು. ಗುಂಟೆಯಲ್ಲಿ ಕಳೆದುಕೊಳ್ಳುವುದು ಕೆಲವು ಸೇರು ಭತ್ತ. ಪ್ರತಿಯಾಗಿ ಮುಂದಿನ ಹಂಗಾಮಿನಲ್ಲಿ ಎಷ್ಟು ಚೀಲ ಬೇಕೆಂದು ಅಂಗಡಿಯವರಿಗೆ ನೀವೇ ಹೇಳಬಹುದು.